ಮೂರು ಬಾಗಿಲಿನ ವಾರ್ಡ್‌ರೋಬ್ ಜೋಡಿಸೋಕೆ ಎಷ್ಟು ಹೊತ್ತು ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಆನ್‌ಲೈನ್‌ನಲ್ಲಿ ತರಿಸಿದ ಮೂರು ಬಾಗಿಲಿನ ವಾರ್ಡ್‌ರೋಬ್ ಶನಿವಾರ ಬಿಡಿ ಹಲಗೆಗಳಾಗಿ ಬರುತ್ತೆ. ಜೋಡಿಸಲು 2 ಗಂಟೆ ಸಾಕು ಅಂತ ಬರೆದಿದ್ದಾರೆ. ಗಂಡ-ಹೆಂಡತಿ ಇಬ್ಬರೇ ಭಾನುವಾರ ಮಧ್ಯಾಹ್ನದ ಊಟದೊಳಗೆ ಮುಗಿಸಬಹುದಾ, ಇಲ್ಲ ಬಡಗಿಗೆ ಹೇಳಬೇಕಾ?

ಊಟದೊಳಗೆ ಆಗಲ್ಲ. ಸಂಜೆ ಕಾಫಿ ಹೊತ್ತಿಗೆ ಆಗುತ್ತೆ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ನಾನು, ನನ್ನ ತಮ್ಮ ಇಬ್ಬರೂ ಸೇರಿ ಹೋದ ವರ್ಷ ಇಂಥದ್ದೇ ಒಂದನ್ನು ಜೋಡಿಸಿದೆವು. ಲೆಕ್ಕ ಹಾಕಿದರೆ ಸರಿಯಾಗಿ ಐದೂವರೆ ಗಂಟೆ. ಪಕ್ಕದ ಮನೆಯವರ ವಾರ್ಡ್‌ರೋಬಿಗೆ ಇದೇ ಕೆಲಸ ಮಾಡುವ ಇಬ್ಬರು ಹುಡುಗರು ಬಂದಿದ್ದರು, ಒಂದೂವರೆ ಗಂಟೆಯಲ್ಲಿ ಮುಗಿಸಿ ಹೋದರು. ಅಂದ್ರೆ ಬರೆದಿರೋದು ಸುಳ್ಳಲ್ಲ. ಅದು ಕೈ ಪಳಗಿದವರ ಲೆಕ್ಕ.

ನಮ್ಮ ಐದೂವರೆ ಗಂಟೆಯಲ್ಲಿ ಸ್ಕ್ರೂ ತಿರುಗಿಸಿದ್ದು ಅರ್ಧ ಹೊತ್ತೂ ಇರಲಿಲ್ಲ. ಡಬ್ಬ ಬಿಚ್ಚಿ, ಹಲಗೆಗಳ ನಂಬರ್ ನೋಡಿ, ಸ್ಕ್ರೂಗಳನ್ನು ಬೇರೆ ಬೇರೆ ಮಾಡೋದಕ್ಕೇ ಮುಕ್ಕಾಲು ಗಂಟೆ ಹೋಯಿತು. ಇದನ್ನು ಮಾತ್ರ ಅವಸರ ಮಾಡಬೇಡಿ. ನಾನು ಇಡ್ಲಿ ತಟ್ಟೆ ತಂದು ಒಂದೊಂದು ಗುಳಿಗೆ ಒಂದೊಂದು ಜಾತಿ ಹಾಕಿದೆ. ಅತ್ತೆ ಮಾರನೇ ದಿನ ಇಡ್ಲಿಗೆ ಅಂತ ಹಿಟ್ಟು ರುಬ್ಬಿಟ್ಟಿದ್ದರು, ಆ ಕಥೆ ಬೇಡ ಬಿಡಿ.

ಇಡೀ ವಾರ್ಡ್‌ರೋಬ್ ನಿಲ್ಲೋದು ಒಂದು ಚಿಕ್ಕ ಉಪಾಯದ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮಿನಿಫಿಕ್ಸ್ ಅಂತಾರೆ. ಒಂದು ಹಲಗೆಗೆ ತಲೆ ಇರುವ ಕಬ್ಬಿಣದ ಕಡ್ಡಿ ತಿರುಗಿಸಿ ಕೂರಿಸಬೇಕು. ಇನ್ನೊಂದು ಹಲಗೆಯ ದೊಡ್ಡ ತೂತಿಗೆ ಅಂಗಿ ಗುಂಡಿಗಿಂತ ಸ್ವಲ್ಪ ಅಗಲದ, ದಪ್ಪನೆಯ ಬಿಲ್ಲೆ ಹಾಕಬೇಕು. ಆ ಬಿಲ್ಲೆಗೆ ಒಂದು ಕಡೆ ಬಾಯಿ ಇರುತ್ತೆ. ಬಾಯಿ ಕಡ್ಡಿ ಬರುವ ಕಡೆಗೇ ಇರಬೇಕು. ಕಡ್ಡಿಯ ತಲೆ ಒಳಗೆ ಹೋದ ಮೇಲೆ ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದರೆ ಎರಡೂ ಹಲಗೆ ಒಂದನ್ನೊಂದು ಗಬಕ್ಕನೆ ಹಿಡಿಯುತ್ತವೆ. ಬಿಗಿಯಾಯಿತು ಅನಿಸಿದ ಮೇಲೂ ತಿರುಗಿಸಿದರೆ ಕೆಟ್ಟಿತು. ಇದು ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಸುಮ್ನೆ ಉದುರಿಬಿಡುತ್ತೆ. ಅದಕ್ಕೇ ಇಲ್ಲಿ ಡ್ರಿಲ್ಲಿಂಗ್ ಮಷಿನ್ ಬೇಡ, ಕೈಯಲ್ಲೇ ತಿರುಗಿಸಿ.

ಚೌಕಟ್ಟಿಗೆ ಎರಡು ಗಂಟೆ ಸಾಕಿತ್ತು. ಅದರ ಮೇಲೆ ನಮ್ಮ ತಪ್ಪಿಗೆ ಇನ್ನೂ ಮುಕ್ಕಾಲು ಗಂಟೆ ದಂಡ ಕಟ್ಟಿದೆವು. ಪಕ್ಕದ ಹಲಗೆಯ ನಾಲ್ಕು ಅಂಚಲ್ಲಿ ಒಂದಕ್ಕೆ ಪಟ್ಟಿ ಅಂಟಿಸದೆ ಹಾಗೇ ಬಿಟ್ಟಿರುತ್ತಾರೆ, ಅದು ಹಿಂದಕ್ಕೆ ಹೋಗಬೇಕು. ನಾವು ಮುಂದಕ್ಕೆ ಹಾಕಿದ್ದೆವು. ಎಲ್ಲ ಬಿಗಿ ಮಾಡಿ ದೂರ ನಿಂತು ನೋಡಿದಾಗ ತಮ್ಮ ಮೆಲ್ಲಗೆ, "ಅಕ್ಕಾ, ಇದು ಒಂದು ಕಡೆ ಬಿಸ್ಕತ್ ಥರ ಕಾಣ್ತಿದೆ ಅಲ್ವಾ?" ಅಂದ. ಪೂರ್ತಿ ಬಿಚ್ಚಿದೆವು. ಮಂಡಕ್ಕಿ-ಮಿರ್ಚಿ ತಂದಿಟ್ಟ ಅತ್ತೆ, "ಬಡಗಿ ಕರೆಸಿದ್ರೆ ಇಷ್ಟೊತ್ತಿಗೆ ಮುಗಿಸಿ ಹೋಗಿರ್ತಿದ್ದ ನೋಡು" ಅಂದರು. ಉತ್ತರ ಕೊಡಲಿಲ್ಲ.

1956ರಲ್ಲಿ ಸ್ವೀಡನ್ನಿನ ಐಕಿಯಾದಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ಅನ್ನುವವರು ಕಾರಿನೊಳಗೆ ಹಿಡಿಸದ ಮೇಜಿನ ಕಾಲು ಬಿಚ್ಚಿದರಂತೆ, ಆ ಕಂಪನಿ ಬಿಡಿ ಸಾಮಾನಿನ ದಾರಿ ಹಿಡಿದದ್ದು ಅಲ್ಲಿಂದ ಅಂತಾರೆ. ಅವರು ಅವತ್ತು ಬಿಚ್ಚಿದ್ದನ್ನು ನಾವು ಇವತ್ತಿಗೂ ಜೋಡಿಸ್ತಾ ಕೂತಿದ್ದೇವೆ.

ಹಿಂದಿನ ತೆಳು ಹಲಗೆಗೆ ಮೊಳೆ ಹೊಡೆಯುವ ಮುಂಚೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಇರಬೇಕು. ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆ ಅಂತ ಅರ್ಥ, ಆಮೇಲೆ ಬಾಗಿಲು ಯಾವ ಜನ್ಮಕ್ಕೂ ಕೂರಲ್ಲ. ಅಳೆದು ಹೊಡೆಯೋದಕ್ಕೆ ಅರ್ಧ ಗಂಟೆ.

ಎತ್ತಿ ನಿಲ್ಲಿಸೋದು ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆವು. ನಮ್ಮ ರೂಮಿನ ಅಟ್ಟ ನೆಲದಿಂದ 7 ಅಡಿ, ಅಂದ್ರೆ 84 ಇಂಚು. ವಾರ್ಡ್‌ರೋಬ್ 81 ಇಂಚು ಎತ್ತರ, 24 ಇಂಚು ಆಳ. ಮೂರು ಇಂಚು ಜಾಗ ಇದೆಯಲ್ಲ ಅಂತ ಅಟ್ಟದ ಕೆಳಗೇ ಮಲಗಿಸಿ ಜೋಡಿಸಿದ್ದೆವು. ಎತ್ತುವಾಗ ಮೂಲೆ ಹೋಗಿ ಅಟ್ಟಕ್ಕೆ ತಗುಲಿತು. ನಿಂತಾಗ 81 ಇಂಚಿದ್ದದ್ದು ಏಳುವಾಗ ಮೂಲೆಯ ಲೆಕ್ಕದಲ್ಲಿ ಎಂಬತ್ತನಾಲ್ಕೂವರೆ ಆಗುತ್ತೆ! ಮಂಚ ಸರಿಸಿ, ವಾರ್ಡ್‌ರೋಬನ್ನು ಈಚೆ ಎಳೆದು, ಎತ್ತಿ ನಿಲ್ಲಿಸಿ, ಮತ್ತೆ ಒಳಗೆ ನೂಕುವಷ್ಟರಲ್ಲಿ ಇಪ್ಪತ್ತು ನಿಮಿಷ. ಶನಿವಾರವೇ ನಿಮ್ಮ ಅಟ್ಟ ಅಳೆದಿಡಿ, ಫ್ಯಾನಿನ ರೆಕ್ಕೆ ಎಷ್ಟು ಕೆಳಗಿದೆ ಅಂತಲೂ ನೋಡಿ.

ಉಳಿದದ್ದು ಬಾಗಿಲು, ಒಂದು ಗಂಟೆ ಮೇಲೆ ಹತ್ತು ನಿಮಿಷ. ಮೂರೂ ಬಾಗಿಲು ಮೊದಲು ಮೇಲೆ ಕೆಳಗೆ ಕಾಣುತ್ತವೆ, ಗಾಬರಿ ಬೇಡ. ಹಿಂಜಿನ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಸಾಲಿಗೆ ಬರುತ್ತವೆ. ಗೋಡೆಗೆ ಹಾಕಲು ಕೊಟ್ಟ ಪಟ್ಟಿಯನ್ನು ಮಾತ್ರ ಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಬಿಡಲೇಬೇಡಿ, ಖಾನೆ ಹಿಡಿದು ಹತ್ತಿದರೆ ಇಡೀ ವಾರ್ಡ್‌ರೋಬ್ ಮುಂದಕ್ಕೆ ಬೀಳಬಹುದು. ಡ್ರಿಲ್ಲಿಂಗ್ ಮಷಿನ್ ಬೇಕಾಗೋದು ಇದೊಂದಕ್ಕೇ. ನಾವು ಅದನ್ನು ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದಾಗ ಹಾಕಿಸಿದೆವು, ಐದೂವರೆ ಗಂಟೆಯಲ್ಲಿ ಅದು ಸೇರಿಲ್ಲ.

ಬಡಗಿ ವಿಷಯ. ಎರಡು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಾಯಿಸುವವರಾದರೆ ಕರೆಸಿ, ಆದರೆ ಇದನ್ನು ಜೋಡಿಸಲು ಅಲ್ಲ, ಪ್ಲೈವುಡ್‌ನಲ್ಲಿ ಹೊಸದನ್ನು ಮಾಡಿಸಲು. ಈ ಪುಡಿ ಹಲಗೆ ಪದೇ ಪದೇ ಬಿಚ್ಚಿ ಜೋಡಿಸಿದರೆ ತಡೆಯಲ್ಲ, ತೂತುಗಳು ಸಡಿಲ ಆಗುತ್ತವೆ. ಸ್ವಂತ ಮನೆಯಾದರೆ ನೀವೇ ಮಾಡಿ. ತಿಂಡಿ ಮುಗಿಸಿ 9ಕ್ಕೆ ಶುರು ಮಾಡಿ, ಊಟಕ್ಕೆ ಎದ್ದರೂ 4ರೊಳಗೆ ನಿಂತಿರುತ್ತೆ. ಬಾಗಿಲು ಉಳಿದರೆ ಉಳಿಯಲಿ, ಸೋಮವಾರ ಹಾಕಿದರಾಯಿತು. ನಮ್ಮದರ ಮೂರನೇ ಬಾಗಿಲು ನಾಲ್ಕು ದಿನ ಗೋಡೆಗೆ ಒರಗಿಕೊಂಡೇ ಇತ್ತು.