ನಿಮ್ಮ ಪಾಲಿನ ಚಿಂತೆ

(ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ. ಹೆಸರು ಅಚ್ಚಿಸಬೇಡಿ ಎಂದು ಅವರು ಕೋರಿದ್ದಾರೆ. ಬ್ಯಾಂಕಿನ ಲಾಕರಿನಲ್ಲಿದೆ ಎಂದು ಪತಿ ಹೇಳುತ್ತ ಬಂದಿದ್ದ ಅವಲಕ್ಕಿ ಸರ ಮತ್ತು ನಾಲ್ಕು ಬಳೆಗಳು ಮೂರು ವರ್ಷಗಳಿಂದ ಗಿರವಿಯಲ್ಲಿದ್ದವು. ಬೀರುವಿನಲ್ಲಿ ಪಹಣಿ ಹುಡುಕುವಾಗ ಸಿಕ್ಕ ಚೀಟಿಯಿಂದ ಅವರಿಗೆ ಅದು ಗೊತ್ತಾಯಿತು.)

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಸಾಲದ ಮೊತ್ತ ಎಷ್ಟೆಂಬುದೇ ಇಲ್ಲ. ಇರುವುದು ಶುಭಕಾರ್ಯಗಳ ಪಟ್ಟಿ. ನಾದಿನಿಯ ಮಗನ ಮದುವೆಯ ಹೊತ್ತಿಗೆ ಬ್ಯಾಂಕಿಗೆ ರಜೆ ಎಂದರು, ಮರುವರ್ಷದ ಗೃಹಪ್ರವೇಶಕ್ಕೆ ಲಾಕರಿನ ಕೀಲಿ ಕಾಣುತ್ತಿಲ್ಲ ಎಂದರು. ಎರಡು ಕಡೆಗೂ ನೀವು ಒಂದು ಗ್ರಾಂ ಚಿನ್ನದ ಸರ ಹಾಕಿಕೊಂಡು ನಗುತ್ತ ಹೋಗಿಬಂದಿರಿ. "ಒಡವೆ ಹೋದರೆ ಹೋಗಲಿ, ಮೂರು ವರ್ಷ ನನ್ನ ಎದುರಿಗೇ ಕುಳಿತು ಊಟ ಮಾಡಿದರಲ್ಲ" ಎಂಬ ಸಾಲನ್ನು ಓದಿ ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಯಾಕೆ ಹೀಗೆ ಮಾಡಿದರು ಎಂದು ಕೇಳಿದ್ದೀರಿ. ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ. ಆ ವರ್ಷ ಆಗಸ್ಟ್ ಮಳೆಗೆ ಕಾಫಿಗೆ ಕೊಳೆರೋಗ ಬಂದು ಕಾಯಿ ಉದುರಿತು, ಮೆಣಸಿನ ಬಳ್ಳಿ ಸೊರಗಿ ಸತ್ತಿತು, ಗೊಬ್ಬರದ ಅಂಗಡಿಯ ಬಾಕಿಯೂ ಆಳುಗಳ ಬಟವಾಡೆಯೂ ಒಟ್ಟಿಗೇ ಬಾಗಿಲಿಗೆ ಬಂದವು. ತೋಟ ನೋಡಿಕೊಳ್ಳಲಾರದವನು ಎಂಬ ಮಾತಿಗೆ ನಮ್ಮ ಕಡೆಯ ಗಂಡಸರು ಸಾಲಕ್ಕಿಂತ ಹೆಚ್ಚು ಹೆದರುತ್ತಾರೆ. ನಿಮ್ಮ ಮಾವನವರು ಲೆಕ್ಕ ತಪ್ಪಿದರೆ ಮಕ್ಕಳ ಮೇಲೆ ಬೆತ್ತ ಎತ್ತುತ್ತಿದ್ದರೆಂದೂ ಬರೆದಿದ್ದೀರಿ. ಅದನ್ನು ನಾನು ಸಣ್ಣ ವಿಷಯವೆಂದು ದಾಟಿ ಹೋಗಲಾರೆ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಮನೋವಿಜ್ಞಾನಿಗಳು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಹೋಲಿಸಿ 2011ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಪ್ಪಿಗೆ ಹೊಡೆಯುವ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು, ಹೇಳಿದ ಸುಳ್ಳು ಬಯಲಾಗದಂತೆ ಕಾಪಾಡಿಕೊಳ್ಳುವುದರಲ್ಲೂ ಇನ್ನೊಂದು ಶಾಲೆಯವರಿಗಿಂತ ಪಳಗಿದ್ದರು. ನಿಮ್ಮವರ ಬಾಲ್ಯ ಕಳೆದದ್ದೂ ಅಂಥದೇ ಶಾಲೆಯಲ್ಲಿ, ಅದು ಮನೆಯೊಳಗೇ ಇತ್ತು.

ಹೆದರಿಕೆಯಿಂದ ಮೊದಲ ದಿನ ಸುಳ್ಳು ಬಂತೆನ್ನೋಣ. ಆದರೆ ಮೂರು ವರ್ಷ? ಪ್ರತಿ ವರ್ಷ ಒಬ್ಬರೇ ಹೋಗಿ ಬಡ್ಡಿ ಕಟ್ಟಿ ಚೀಟಿ ಬದಲಿಸಿಕೊಂಡು ಬಂದಿದ್ದಾರಲ್ಲ, ಆ ಸಂಜೆಗಳಲ್ಲಿ ಅನ್ನ ಹೇಗೆ ಇಳಿಯಿತು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಾಲಿ ಶಾರೋಟ್ ಮತ್ತು ಸಂಗಡಿಗರು ಸುಳ್ಳು ಹೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ಲಾಭಕ್ಕೆಂದು ಸುಳ್ಳು ಹೇಳುತ್ತ ಹೋದಂತೆ, ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಮಿಡಿತ ಕುಗ್ಗುತ್ತ ಬಂತು, ಸುಳ್ಳು ಮಾತ್ರ ದೊಡ್ಡದಾಗುತ್ತ ಹೋಯಿತು. ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಗೃಹಪ್ರವೇಶದ ಹೊತ್ತಿಗೆ ಸರಾಗವಾಗಿ ಹೊರಬಂದಿರಬೇಕು.

ನಿಮ್ಮ ನೋವು ನನಗೆ ಬೇರೆ ದಾರಿಯಿಂದ ಪರಿಚಿತ. ನನ್ನ ಅಮ್ಮ ಸಕಲೇಶಪುರದ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಹಾಸನದಲ್ಲಿ ಕೆಲಸಕ್ಕೆ ಸೇರಿದ ವರ್ಷ ಪ್ರತಿ ಭಾನುವಾರ ಫೋನಿನಲ್ಲಿ "ಆರಾಮವಾಗಿದ್ದೇನಪ್ಪ" ಎನ್ನುತ್ತಿದ್ದರು. ಎದೆನೋವು ಶುರುವಾಗಿ ಆಗಲೇ ಎಂಟು ತಿಂಗಳಾಗಿತ್ತು. ಅವರು ತೀರಿಕೊಂಡ ಮೇಲೆ ಔಷಧದ ಚೀಟಿಗಳು ಸಿಕ್ಕವು. ಹೊಸ ಕೆಲಸದಲ್ಲಿರುವ ಮಗನಿಗೆ ತೊಂದರೆಯಾಗದಿರಲಿ ಎಂದು ಹೇಳಿದ ಸುಳ್ಳು ಅದು, ಸ್ವಾರ್ಥದ ಎಳೆಯೂ ಅದರಲ್ಲಿರಲಿಲ್ಲ. ಆದರೂ ಆ ಭಾನುವಾರಗಳನ್ನು ಇಂದಿಗೂ ಒಂದೊಂದಾಗಿ ನೆನೆಯುತ್ತೇನೆ. ಯಾವ ದಿನದ ನಗು ನಿಜ, ಯಾವ ದಿನ ನೋವು ನುಂಗಿಕೊಂಡು ನಕ್ಕರು? ಒಂದು ಗಂಟೆಯ ಬಸ್ ದಾರಿಯಲ್ಲಿದ್ದ ನನಗೆ ನನ್ನ ಪಾಲಿನ ಚಿಂತೆಯನ್ನು ಅಮ್ಮ ಕೊಡಲೇ ಇಲ್ಲ. ನಿಮ್ಮವರು ಮಾಡಿದ್ದೂ ಅದನ್ನೇ. ತೋಟ ಇಬ್ಬರದು, ನಷ್ಟ ಮಾತ್ರ ತನ್ನೊಬ್ಬನದು ಎಂದು ತೀರ್ಮಾನಿಸಿ ನಿಮ್ಮನ್ನು ಹೊರಗಿಟ್ಟರು. ಒಡವೆಗಿಂತ ಇದು ಹೆಚ್ಚು ಸುಡುತ್ತದೆ. "ಹೋಗಲಿ ಬಿಡು" ಎನ್ನುವ ನೆಂಟರ ಮಾತಿಗೆ ನೀವು ಈಗಲೇ ತಲೆಯಾಡಿಸಬೇಕಿಲ್ಲ.

ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಕರೆದೊಯ್ದು ಆಣೆ ಮಾಡಿಸು ಎಂದು ನಿಮ್ಮ ಅತ್ತೆ ಹೇಳುತ್ತಿದ್ದಾರಂತೆ. ಮಂಜುನಾಥಸ್ವಾಮಿಯ ಆಣೆ ನಮ್ಮ ಜನಕ್ಕೆ ಎಷ್ಟು ದೊಡ್ಡದೆಂದು ಬಲ್ಲೆ, ಆ ಭಕ್ತಿಯ ಬಗ್ಗೆ ನನಗೂ ಗೌರವವಿದೆ. ಆದರೂ ಬೇಡ ಎನ್ನುತ್ತೇನೆ. ಹೆದರಿ ಸುಳ್ಳು ಹೇಳಿದವರನ್ನು ಇನ್ನಷ್ಟು ಹೆದರಿಸಿ ಏನು ಪಡೆಯುತ್ತೀರಿ? ಮುಖ ನೋಡಿಯೇ ಪತ್ತೆ ಹಚ್ಚುತ್ತೇನೆಂದು ರಾತ್ರಿಯೆಲ್ಲ ಎಚ್ಚರವಿರುವುದೂ ಬೇಡ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಇನ್ನೂರಕ್ಕೂ ಹೆಚ್ಚು ವರದಿಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ಸುಳ್ಳು ಯಾವುದು ನಿಜ ಯಾವುದು ಎಂದು ಜನ ಸರಿಯಾಗಿ ಗುರುತಿಸುವುದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ. ಮೂರು ವರ್ಷ ತಿಳಿಯದ ನಾನೆಂಥ ಪೆದ್ದಿ ಎಂದು ಬರೆದಿದ್ದೀರಲ್ಲ, ದಯವಿಟ್ಟು ಆ ಮಾತನ್ನು ಹೊಡೆದುಹಾಕಿ.

ನಾನಾಗಿದ್ದರೆ ಮುಖ ಬಿಟ್ಟು ಕಾಗದ ನೋಡುತ್ತಿದ್ದೆ. ಪಾಸ್‌ಬುಕ್, ಕಾಫಿ ಮಾರಿದ ಚೀಟಿ, ಬಟವಾಡೆ ಪುಸ್ತಕ ಇನ್ನು ಬೀರು ಬಿಟ್ಟು ಹೊರಗೆ ಬರಲಿ, ಇಬ್ಬರ ಕೈಗೂ ಸಿಗುವ ಕಡೆ ಇರಲಿ. ಕೊಯ್ಲಿನ ಸಂಜೆ ಹಣ್ಣು ತೂಗುವಾಗ ಆಳುಗಳು ತಕ್ಕಡಿಯ ಮುಳ್ಳನ್ನು ತಾವೇ ನೋಡುತ್ತಾರೆ. ಬರೆದುಕೊಳ್ಳುವ ರೈಟರ್‌ಗೆ ಅದರಿಂದ ಅವಮಾನವೇನೂ ಇಲ್ಲ. ಮುಳ್ಳು ಕಾಣುವಂತಿರುವ ತೋಟಕ್ಕೆ ಅವರು ಮರುವರ್ಷವೂ ಬರುತ್ತಾರೆ. ಇನ್ನೊಂದು ಮಾತು. ಮುಂದೆಂದಾದರೂ ನಿಮ್ಮವರು ಕೆಟ್ಟ ಸುದ್ದಿಯನ್ನು ತಾವಾಗಿಯೇ ತಂದು ಹೇಳಿದರೆ, ಆ ದಿನ ಮಾತ್ರ ಕೂಗಾಡಬೇಡಿ. ನೊಂದವರಿಂದ ಇದನ್ನು ಕೇಳುವುದು ಅನ್ಯಾಯವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಹಾಸನದ ಹಾಸ್ಟೆಲಿನಲ್ಲಿರುವ ಮಗಳಿಗೆ "ಎಲ್ಲ ಚೆನ್ನಾಗಿದೆ" ಎನ್ನುವ ನಾನೂ ಸುಳ್ಳುಗಾರ್ತಿಯಲ್ಲವೇ ಎಂದು ಕೇಳಿದ್ದೀರಿ. ನೀವು ಸಾವರಿಸಿಕೊಳ್ಳುವವರೆಗೆ ನಾಲ್ಕು ದಿನ ಹಾಗೆಂದರೆ ತಪ್ಪೆನ್ನಲಾರೆ. ಅವಳ ಪರೀಕ್ಷೆಯೂ ಮುಗಿಯಲಿ. ಆದರೆ ಆ ಸರ ಅವಳ ಮದುವೆಗೆಂದೇ ನಿಮ್ಮ ತಾಯಿ ಕೊಟ್ಟದ್ದು, ಅವಳಿಗೂ ಅವಳ ಪಾಲಿದೆ. ರಜೆಗೆ ಬಂದಾಗ ಅಪ್ಪನೇ ಹೇಳಲಿ, ನೀವು ಪಕ್ಕದಲ್ಲಿರಿ.

ಅದಕ್ಕೂ ಮೊದಲು ಚೀಟಿಯ ವಾಯಿದೆ ಎಂದಿಗೆ ಮುಗಿಯುತ್ತದೆ ನೋಡಿ. ವಾಯಿದೆ ಮೀರಿದ ಒಡವೆ ಹರಾಜಿಗೆ ಹೋಗಬಹುದು. ಈ ಸಲ ಬಡ್ಡಿ ಕಟ್ಟಲು ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬನ್ನಿ.