ಇಲಿಯಲ್ಲಿ ಫಲಿಸಿದ ಹುಳುವಿನ ಲಸಿಕೆ ಮನುಷ್ಯರಿಗೇಕೆ ಬರುವುದಿಲ್ಲ?

ಹುಳುಗಳ ವಿರುದ್ಧದ ಲಸಿಕೆ ಪ್ರಾಣಿಗಳಲ್ಲಿ ಯಶಸ್ವಿಯಾಯಿತೆಂದು ಆಗಾಗ ಸುದ್ದಿ ಬರುತ್ತದೆ, ಆಮೇಲೆ ಅದರ ಸುಳಿವೇ ಇರುವುದಿಲ್ಲ, ಏಕೆ ಎಂದು ಕೇಳಿದ್ದೀರಿ. ನಾನು ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಪರಾವಲಂಬಿಗಳ ಬಗ್ಗೆ ಪಾಠ ಮಾಡುವವನು; ಪ್ರತಿ ವರ್ಷ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ.

ಮೊದಲು ಆ ‘ಯಶಸ್ಸು’ ಎಂದರೇನು ನೋಡಿ. ಆಫ್ರಿಕಾ, ಬ್ರೆಜಿಲ್‌ಗಳಲ್ಲಿ ನೀರಿಗಿಳಿದವರ ಚರ್ಮ ಕೊರೆದು ಒಳಸೇರುವ ಶಿಸ್ಟೋಸೋಮ ಎಂಬ ಹುಳುವಿದೆ. ಲಸಿಕೆ ಹಾಕಿದ ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿ, ಅಲ್ಲಿ ಪುಟ್ಟ ಉಂಗುರವಿಟ್ಟು, ಲೆಕ್ಕವಿಟ್ಟ ಮರಿಗಳಿರುವ ನೀರನ್ನು ಅದರೊಳಗೆ ಬಿಡುತ್ತಾರೆ. ಆರೇಳು ವಾರಗಳ ನಂತರ ಇಲಿಯನ್ನು ಕೊಂದು, ರಕ್ತನಾಳಗಳಲ್ಲಿ ಲವಣದ್ರವ ಹರಿಸಿ, ಯಕೃತ್ತಿನ ಬಳಿ ಕತ್ತರಿಸಿದ ಅಭಿಧಮನಿಯಿಂದ ಹೊರಬರುವ ಹುಳುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಲಸಿಕೆಯಿಲ್ಲದ ಇಲಿಗಳಲ್ಲಿ ಸರಾಸರಿ 50, ಲಸಿಕೆ ಪಡೆದವುಗಳಲ್ಲಿ 30 ಸಿಕ್ಕರೆ ಅದು ಶೇ. 40 ರಕ್ಷಣೆ. ಒಂದು ಇಲಿಯೂ ಹುಳುಮುಕ್ತವಾಗಿರಬೇಕಿಲ್ಲ! ಇದು ಮೋಸವೇನಲ್ಲ: ರೋಗ ತರುವುದು ಹುಳು ಇಡುವ ಮೊಟ್ಟೆಗಳು, ಹುಳು ಕಡಿಮೆಯಾದಷ್ಟೂ ಲಾಭವೇ. ಆದರೆ 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಈ ಹುಳುವಿನ ಲಸಿಕೆಗೆಂದು ಆರಿಸಿದ್ದ ಆರು ಪ್ರೋಟೀನುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿದಾಗ ಆ ಶೇ. 40ನ್ನೂ ಯಾವುದೂ ಸತತವಾಗಿ ಮುಟ್ಟಲಿಲ್ಲ.

ನನ್ನ ಪ್ರಕಾರ ನಿಜವಾದ ತೊಡಕು ಬೇರೆ. ಪ್ರಯೋಗಾಲಯದ ಪ್ರಾಣಿ ಲಸಿಕೆಗೆ ಮೊದಲು ಹುಳುವನ್ನೇ ಕಂಡಿರುವುದಿಲ್ಲ. ಲಸಿಕೆ ಬೇಕಾಗಿರುವ ಜನರೋ ಬಾಲ್ಯದಿಂದಲೂ ಹುಳುಗಳೊಂದಿಗೇ ಬದುಕಿದವರು. ಲಸಿಕೆಯಾಗಿ ಪರೀಕ್ಷಿಸಿದ ಎಎಸ್‌ಪಿ-2 ಎಂಬ ಕೊಕ್ಕೆಹುಳುವಿನ ಪ್ರೋಟೀನನ್ನೇ ನೋಡಿ. ನಾಯಿಯ ಕೊಕ್ಕೆಹುಳುವಿನಲ್ಲಿರುವ ಇದರ ಸೋದರ ಪ್ರೋಟೀನು ನಾಯಿಗಳಲ್ಲಿ ಭರವಸೆ ಮೂಡಿಸಿತ್ತು. ಅಮೆರಿಕದಲ್ಲಿ ಸೋಂಕು ಕಾಣದ ಸ್ವಯಂಸೇವಕರಿಗೆ ಕೊಟ್ಟಾಗಲೂ ತೊಂದರೆಯಾಗಲಿಲ್ಲ. ಬ್ರೆಜಿಲ್‌ನಲ್ಲಿ ಹಿಂದೆ ಸೋಂಕು ತಗುಲಿದ್ದವರಿಗೆ ಕೊಟ್ಟಾಗ ಕೆಲವರಿಗೆ ಮೈತುಂಬಾ ಪಿತ್ತದ ಗಂಧೆ ಎದ್ದಿತು. ಅವರ ರಕ್ತದಲ್ಲಿ ಆ ಪ್ರೋಟೀನಿನ ವಿರುದ್ಧ ಅಲರ್ಜಿಯ ಪ್ರತಿಕಾಯ, ಐಜಿಇ, ಮೊದಲೇ ಸಿದ್ಧವಾಗಿತ್ತು. ಪ್ರಯೋಗ ಅಲ್ಲಿಗೇ ನಿಂತಿತು. ಯಾವ ನಾಯಿಯೂ ಇದನ್ನು ಮುಂಚಿತವಾಗಿ ಹೇಳಲಾರದಾಗಿತ್ತು. ಆನಂತರ ಸೋಂಕಿರುವ ಊರಿನವರ ರಕ್ತದಲ್ಲಿ ಐಜಿಇ ಇದೆಯೇ ಎಂದು ನೋಡಿ ಪ್ರೋಟೀನು ಆರಿಸುವ ಪದ್ಧತಿ ಬಂತು. ಹುಳುವಿನ ಕರುಳಿನೊಳಗೆ ಅಡಗಿರುವುದರಿಂದ ಸೋಂಕಿತರ ದೇಹಕ್ಕೆ ಅಷ್ಟಾಗಿ ಎದುರಾಗದ, ಹಾಗಾಗಿ ಐಜಿಇ ಹುಟ್ಟಿಸುವ ಸಾಧ್ಯತೆ ಕಡಿಮೆಯಿರುವ ಪ್ರೋಟೀನುಗಳತ್ತ ಗಮನ ಹರಿಯಿತು.

ಕುರಿಗಳಲ್ಲಿ ಈ ದಾರಿ ಫಲಿಸಿದೆ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರುಕಟ್ಟೆಗೆ ಬಂದ ಬಾರ್ಬರ್‌ವ್ಯಾಕ್ಸ್, ರಕ್ತ ಹೀರುವ ಹಿಮಾಂಕಸ್ ಹುಳುವಿನ ಕರುಳಿನ ಪ್ರೋಟೀನಿನಿಂದಲೇ ಆದದ್ದು. ಆದರೆ ಆ ಪ್ರೋಟೀನನ್ನು ಕೃತಕವಾಗಿ ತಯಾರಿಸಿದರೆ ಅದೇ ರಕ್ಷಣೆ ಸಿಗುತ್ತಿಲ್ಲ. ಹಾಗಾಗಿ ಬೇರೆ ಕುರಿಗಳಿಗೆ ಸೋಂಕು ತಗುಲಿಸಿ, ಅವುಗಳ ಜಠರದಿಂದ ಹುಳುಗಳನ್ನು ಸಂಗ್ರಹಿಸಿ ಲಸಿಕೆ ಮಾಡುತ್ತಾರೆ. ಮನುಷ್ಯರ ಕೊಕ್ಕೆಹುಳುವಿಗೆ ಅಂಥ ಕಾರ್ಖಾನೆ ಹೂಡುವಂತಿಲ್ಲವಲ್ಲ!