ಹಳಿ ಇಲ್ಲದ ರೈಲು ದಾರಿ, ಮೇಷ್ಟ್ರ ಮಂಡಿ

ಪ್ರಶ್ನೆ: ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಜೂನ್‌ನಲ್ಲಿ ಹೋಗುತ್ತಿದ್ದೇನೆ. ಡರ್ಬಿಶೈರ್‌ನ ಮಾನ್ಸಲ್ ಟ್ರೇಲ್ ಎಂಬ ಹಳೇ ರೈಲು ದಾರಿಯಲ್ಲಿ ಸೈಕಲ್ ಹೊಡೆಯೋಣ ಅಂತ ಅಳಿಯಂದಿರು ಹೇಳುತ್ತಿದ್ದಾರೆ. ನನಗೆ 67, ಬಲಗಾಲಿನ ಮಂಡಿ ನೋವಿದೆ. ಗೇಜ್ ಬದಲಾವಣೆಗಾಗಿ ರೈಲು ನಿಂತಿದ್ದಾಗ ದೋಣಿಗಲ್‌ನಿಂದ ಯಡಕುಮೇರಿಗೆ ಹಳಿ ಮೇಲೆ ನಡೆದು, ಎರಡು ದಿನ ಮೇಲೆ ಏಳಲಾಗಿರಲಿಲ್ಲ. ಇದೂ ಹಾಗೇನಾ?
– ನಿವೃತ್ತ ಮೇಷ್ಟ್ರು, ಸಕಲೇಶಪುರ

ಉತ್ತರ: ಖಂಡಿತ ಇಲ್ಲ ಮೇಷ್ಟ್ರೇ. ಇಲ್ಲಿ ಹಳಿಯೂ ಇಲ್ಲ, ಸ್ಲೀಪರೂ ಇಲ್ಲ, ಕಾಲು ಮುರಿಯುವ ಜಲ್ಲಿಯೂ ಇಲ್ಲ. 1863ರಲ್ಲಿ ಶುರುವಾದ ಈ ರೈಲು ದಾರಿ 1968ರಲ್ಲಿ ಮುಚ್ಚಿತು. ಹಳಿ ಕಿತ್ತರು. 1981ರಲ್ಲಿ ನಡೆಯುವವರಿಗೆ ಬಿಟ್ಟರು. ಈಗ ಗಟ್ಟಿಯಾಗಿ ಕೂತ, ಅಗಲವಾದ ದಾರಿ. ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವವರೇ ಜಾಸ್ತಿ.

ಪೂರ್ತಿ ಉದ್ದ ಎಂಟೂವರೆ ಮೈಲಿ, ಅಂದರೆ 13 ಕಿಲೋಮೀಟರ್ ದಾಟುತ್ತದೆ. ಅದನ್ನೆಲ್ಲ ಮುಗಿಸಲೇಬೇಕು ಅಂತ ಹಟ ಬೇಡ. ಬೇಕ್‌ವೆಲ್ ಊರಿನ ಹತ್ತಿರದ ಹ್ಯಾಸಪ್ ಸ್ಟೇಷನ್‌ನಿಂದ ಹೊರಡಿ. ಈಗ ಅಲ್ಲಿ ರೈಲಿನ ಬದಲು ಕಾಫಿ ಸಿಗುತ್ತದೆ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಹೋಗುವಾಗ ದಾರಿ ತುಸು ಏರು. ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ವಾಪಸ್ ಬರುವಾಗ ಸೈಕಲ್ ತಾನೇ ಉರುಳುತ್ತದೆ. ಸುಸ್ತಾದ ಮೇಲೆ ಇಳಿಜಾರು ಸಿಗುವುದು ಒಳ್ಳೇದು ಅಲ್ವಾ?

ಮೂರೂವರೆ ಕಿಲೋಮೀಟರ್ ಆಸುಪಾಸಿನಲ್ಲಿ ಹೆಡ್‌ಸ್ಟೋನ್ ಸುರಂಗ. ಸುಮಾರು 490 ಮೀಟರ್. ಮುಂದೆ ಇನ್ನೂ ಇವೆ. ಹಿಂದೆ ಸುರಂಗಗಳಿಗೆ ಬೀಗ ಹಾಕಿದ್ದರಿಂದ ಜನ ಗುಡ್ಡ ಹತ್ತಿ ಇಳಿಯಬೇಕಿತ್ತು. 2011ರಲ್ಲಿ ದೀಪ ಹಾಕಿ ತೆರೆದರು. ಕತ್ತಲಾಗುವ ಹೊತ್ತಿಗೆ ದೀಪ ಆರುತ್ತದೆ, ಅಷ್ಟರೊಳಗೆ ಈಚೆ ಬನ್ನಿ. ಜೂನ್ ಆದರೂ ಒಳಗೆ ಚಳಿ, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಸ್ವೆಟರ್ ಇರಲಿ. ಕಪ್ಪು ಕನ್ನಡಕ ಮಾತ್ರ ಹೊರಗೇ ತೆಗೆಯಿರಿ. ಮೊದಲ ಸಲ ನಾನು ಅದನ್ನು ಹಾಕಿಕೊಂಡೇ ಸೈಕಲ್ ನುಗ್ಗಿಸಿದೆ. ಏನೂ ಕಾಣದೆ ಯಾರದೋ ನಾಯಿಯ ಮೇಲೆ ಹತ್ತಿಸುವುದರಲ್ಲಿದ್ದೆ. ನಾಯಿ ಸುಮ್ನೆ ನಿಂತಿತ್ತು, ಬೈದಿದ್ದು ಅದರ ಒಡತಿ!

ಸುರಂಗ ಮುಗಿಯುತ್ತಿದ್ದಂತೆಯೇ ನೀವು ಸೇತುವೆ ಮೇಲಿರುತ್ತೀರಿ. ಕೆಳಗೆ ವೈ ನದಿ, ಎರಡೂ ಕಡೆ ಹಸಿರು ಗುಡ್ಡ. ಈ ರೈಲು ಬಂದಾಗ ಇಂಗ್ಲೆಂಡಿನ ಲೇಖಕ ಜಾನ್ ರಸ್ಕಿನ್ ಸಿಟ್ಟಾಗಿದ್ದರು. ಬಕ್ಸ್‌ಟನ್ನಿನ ದಡ್ಡರೆಲ್ಲ ಅರ್ಧ ಗಂಟೆಯಲ್ಲಿ ಬೇಕ್‌ವೆಲ್ಲಿಗೆ, ಬೇಕ್‌ವೆಲ್ಲಿನ ದಡ್ಡರು ಬಕ್ಸ್‌ಟನ್ನಿಗೆ ಹೋಗಬಹುದು ಅಂತ, ಅದಕ್ಕೋಸ್ಕರ ಇಂಥ ಕಣಿವೆ ಹಾಳು ಮಾಡಿದರಲ್ಲ ಅನ್ನುವುದು ಅವರ ಸಂಕಟ. ಈಗ ಜನ ನಿಂತು ಫೋಟೋ ತೆಗೆಯುವುದು ಅದೇ ಸೇತುವೆಯದ್ದು. ನನಗಂತೂ ರಸ್ಕಿನ್ ಹೇಳಿದ್ದರಲ್ಲೂ ಅರ್ಧ ಸರಿ ಅನ್ನಿಸುತ್ತದೆ.

ನಿಮ್ಮ ಮಂಡಿಗೆ ಅಪಾಯ ಇರುವುದು ಇಲ್ಲೇ. ಸೇತುವೆಯಿಂದ ಮೇಲೆ, ಕಣಿವೆ ನೋಡುವ ಜಾಗವಾದ ಮಾನ್ಸಲ್ ಹೆಡ್‌ಗೆ ಒಂದು ಕಾಲುದಾರಿ ಇದೆ. ಕಡಿದಾದ ಏರು. ಅಳಿಯಂದಿರು ‘ಇಲ್ಲೇ ಮೇಲೆ, ಐದು ನಿಮಿಷ’ ಅನ್ನಬಹುದು. ನಂಬಬೇಡಿ. ಆ ನೋಟ ಬೇಕಿದ್ದರೆ ಆಮೇಲೆ ಕಾರಿನಲ್ಲಿ ಕರೆದುಕೊಂಡು ಹೋಗಲಿ.

ಸೈಕಲ್ಲೋ ನಡಿಗೆಯೋ? ಸೀಟು ಎತ್ತರಕ್ಕೆ ಸರಿಯಾಗಿದ್ದರೆ ಸೈಕಲ್ಲೇ ಮಂಡಿಗೆ ಹಗುರ. ಆದರೂ ಒಂದು ಮಾತು ನಿಮ್ಮ ಡಾಕ್ಟರನ್ನು ಕೇಳಿ. ಬೆಲ್ ಹೊಡೆಯಲು ಸಂಕೋಚ ಬೇಡ, ಇಲ್ಲಿ ಅದು ಮರ್ಯಾದೆ.

ಬೇಕ್‌ವೆಲ್ ಪುಡಿಂಗ್ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಮೊಟ್ಟೆ ಇರುತ್ತದೆ. ತಿನ್ನದವರಾದರೆ ಮಗಳ ಕೈಲಿ ಚಿತ್ರಾನ್ನ ಕಟ್ಟಿಸಿಕೊಂಡು ಹೋಗಿ.